ಕೈ ಬೆಕ್ಕಿಗೆ, ಕಾಲು ನಾಯಿಗೆ: ಒಂದು ಸೋಫಾ ಸಂದರ್ಶನ

ಬೆಂಗಳೂರಿನ ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ ಮೂರು ಜನ ಕೂರಬಹುದಾದ ಸೋಫಾ ಒಂದಿದೆ. ಈಗ ಅದರ ಮೇಲೆ ಕೂರುವವರು ಇಬ್ಬರೇ: ಸಿಂಬಾ ಎಂಬ ಲ್ಯಾಬ್ರಡಾರ್ ಮತ್ತು ಪುಟ್ಟಿ ಎಂಬ ಬೆಕ್ಕು. ಮನೆಯವರು ಪ್ಲಾಸ್ಟಿಕ್ ಕುರ್ಚಿಗೆ ವಲಸೆ ಹೋಗಿದ್ದಾರೆ. ಸೋಫಾದ ಎಡಗೈ ಬಟ್ಟೆ ಹರಿದು ಸ್ಪಂಜು ಹೊರಬಂದಿದೆ. ಮುಂದಿನ ಬಲಗಾಲು ಅರ್ಧ ಸವೆದು, ಅದರಡಿ ಹಳೆಯ ಟೆಲಿಫೋನ್ ಡೈರೆಕ್ಟರಿ ಇಟ್ಟು ಮಟ್ಟ ಮಾಡಿದ್ದಾರೆ. ಸಾಕುಪ್ರಾಣಿಗಳ ಆಟಿಕೆಯ ವಿಷಯದಲ್ಲಿ ಇದಕ್ಕಿಂತ ಅನುಭವಸ್ಥರು ಸಿಗಲಾರರೆಂದು ಮಾತಾಡಿಸಲು ಹೋದೆವು. ಸಂದರ್ಶನ ನಿಂತೇ ನಡೆಯಿತು; ಕೂರಲು ಸಿಂಬಾ ಬಿಡಲಿಲ್ಲ.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಸೋಫಾ: ಎದುರಿಗೇ ಇದ್ದೀನಲ್ಲ ಸ್ವಾಮಿ, ಕಾಣಿಸ್ತಿಲ್ವಾ? ಕೈ ಬೆಕ್ಕಿಗೆ, ಕಾಲು ನಾಯಿಗೆ, ಮಿಕ್ಕಿದ್ದು ಇಎಂಐಗೆ. ಕೊನೇ ಕಂತು ಕಟ್ಟೋ ಹೊತ್ತಿಗೆ ನಾನಿರ್ತೀನೋ ಇಲ್ವೋ.

ಪ್ರಶ್ನೆ: ಈ ಮನೆಯಲ್ಲಿ ಪ್ರಾಣಿಗಳಿಗೆ ಆಟಿಕೆಗಳೇ ಇಲ್ಲವೇ?

ಸೋಫಾ: ಇಲ್ಲದೆ ಏನು? ಬಗ್ಗಿ ನನ್ನ ಕೆಳಗೆ ನೋಡಿ. ಕೀಂಕೀಂ ಅನ್ನೋ ರಬ್ಬರ್ ಕೋಳಿ, ಬಾಲ ಬಡಿಯೋ ಬ್ಯಾಟರಿ ಮೀನು, ಗರಿ ಕಿತ್ತುಹೋದ ಕೋಲು, ಹುಟ್ಟುಹಬ್ಬದ ದಿನ ಬಂದ ಬಟ್ಟೆಯ ಕೇಕು. ಶನಿವಾರ ಕೊರಿಯರ್‌ನಲ್ಲಿ ಬರ್ತವೆ, ಭಾನುವಾರ ಸಂಜೆಗೆ ನನ್ನ ಕೆಳಗೆ ಸೇರ್ತವೆ.

ಪ್ರಶ್ನೆ: ಅಷ್ಟು ದುಡ್ಡು ಕೊಟ್ಟು ತಂದದ್ದು ಒಂದೇ ದಿನಕ್ಕೆ ಏಕೆ ಬೇಸರವಾಗುತ್ತದೆ?

ಸೋಫಾ: ಆರಿಸೋರು ಯಾರು ಅನ್ನೋದನ್ನ ಮೊದಲು ಕೇಳಿ. ಅಮ್ಮಾವ್ರು ನನ್ನ ಪಕ್ಕ ಕುರ್ಚಿ ಹಾಕ್ಕೊಂಡು, ಮೊಬೈಲ್ ತೀಡ್ತಾ ‘ಅಯ್ಯೋ, ಎಷ್ಟು ಮುದ್ದಾಗಿದೆ!’ ಅಂತಾರೆ. ಮುದ್ದಾಗಿರೋದು ಅವರ ಕಣ್ಣಿಗೆ. ಮೊನ್ನೆ ಕೆಂಪು ಚೆಂಡು ತರಿಸಿದ್ರು. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತೆ. ಕೆಂಪು, ಹಸಿರು ಎರಡೂ ಹೆಚ್ಚುಕಮ್ಮಿ ಒಂದೇ ಮಾಸಲು ಬಣ್ಣ. ಅಮೆರಿಕದ ವಿಜ್ಞಾನಿಗಳು 1989ರಲ್ಲೇ ಇದನ್ನ ಪರೀಕ್ಷೆ ಮಾಡಿ ಬರೆದಿಟ್ಟಿದ್ದಾರೆ. ಯಜಮಾನರು ಪಾರ್ಕಿನ ಹಸಿರು ಹುಲ್ಲಿನಲ್ಲಿ ಕೆಂಪು ಚೆಂಡು ಎಸೀತಾರೆ, ಸಿಂಬಾ ಮೂಗಿನಿಂದ ಹುಡುಕ್ತಾನೆ, ಇವರು ‘ದಡ್ಡ’ ಅಂತ ಬೈಕೊಂಡು ಮನೆಗೆ ಬರ್ತಾರೆ. ದಡ್ಡ ಯಾರು ಅಂತ ನಾನು ಹೇಳಲ್ಲ, ಇನ್ನೂ ಇದೇ ಮನೇಲಿ ಇರಬೇಕಲ್ಲ.

ಪ್ರಶ್ನೆ: ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?

ಸೋಫಾ: ಮನೆ ಮಗಳು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಲ್ಲಿ ಓದ್ತಾಳೆ. ಪರೀಕ್ಷೆ ಹತ್ರ ಬಂದಾಗ ಸಿಂಬಾನ ಪಕ್ಕಕ್ಕೆ ತಳ್ಳಿ, ನನ್ನ ಮೇಲೆ ಕಾಲು ಚಾಚ್ಕೊಂಡು ಜೋರಾಗಿ ಓದ್ತಾಳೆ. ಅಪ್ಪ ಅಮ್ಮ ಎದ್ದು ಹೋಗ್ತಾರೆ. ನನಗೆ ಎದ್ದು ಹೋಗೋಕೆ ಆಗಲ್ಲ.

ಪ್ರಶ್ನೆ: ಹಾಗಾದರೆ ನಾಯಿಗೆ ಆಟಿಕೆ ಆರಿಸುವುದು ಹೇಗೆ?

ಸೋಫಾ: ಅದರ ಮುತ್ತಾತ ಯಾವ ನೌಕರಿಯಲ್ಲಿದ್ದ ಅಂತ ವಿಚಾರಿಸಿ. ಸಿಂಬಾನ ವಂಶದವರು ಬೇಟೆಗಾರರು ಹೊಡೆದು ಬೀಳಿಸಿದ ಬಾತುಕೋಳಿನ ಹಲ್ಲು ನಾಟಿಸದೆ ಬಾಯಲ್ಲಿ ಹೊತ್ತು ತಂದುಕೊಡೋರು. ಹಾಗಾಗಿ ಅವನಿಗೆ ಏನಾದ್ರೂ ಕಚ್ಚಿಕೊಂಡು ತಿರುಗಬೇಕು. ಕೊಡದಿದ್ರೆ ಯಜಮಾನರ ಆಫೀಸ್ ಶೂ ಹೊತ್ತು ತರ್ತಾನೆ, ಅದೂ ಒಂದೇ ಕಾಲಿನದು. ಎರಡನೇ ಮಹಡಿಯಲ್ಲಿ ಮುಧೋಳ ನಾಯಿ ಇದೆ. ಕಣ್ಣಲ್ಲೇ ಬೇಟೆ ಗುರುತಿಸಿ ಮೊಲದ ಹಿಂದೆ ಓಡೋ ಜಾತಿ. ಅದರ ಮುಂದೆ ಬೊಂಬೆ ಇಟ್ಟರೆ ಆಕಳಿಸುತ್ತೆ. ಉದ್ದ ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಚಿಂದಿ ಬಟ್ಟೆ ಸಿಕ್ಕಿಸಿ ನೆಲದ ಮೇಲೆ ಎಳೀರಿ, ಆಗ ನೋಡಿ ಅದರ ಗತ್ತು! ಮೊದಲ ಮಹಡಿಯ ಡ್ಯಾಶ್‌ಹುಂಡ್ ಬಿಲ ತೋಡೋ ಕುಲ. ಹಳೇ ಬೆಡ್‌ಶೀಟು ಮುದ್ದೆ ಮಾಡಿ ಒಳಗೆ ನಾಲ್ಕು ಬಿಸ್ಕತ್ತು ಚೂರು ಬಚ್ಚಿಟ್ಟರೆ ಮನೆ ಶಾಂತ. ಜನ ಜಾತಿ ನೋಡಿ ಸಾವಿರಾರು ರೂಪಾಯಿ ಸುರಿದು ನಾಯಿ ತರ್ತಾರೆ. ಆಟಿಕೆ ತರೋವಾಗ ಮಾತ್ರ ಎಲ್ಲಾ ನಾಯಿನೂ ಒಂದೇ ಅಂತಾರೆ. ಜಾತ್ಯತೀತತೆ ನೆನಪಾಗೋದು ಅಲ್ಲಿ!

ಪ್ರಶ್ನೆ: ಪುಟ್ಟಿಯವರ ಕಥೆ?

ಸೋಫಾ: ಯಜಮಾನರು ಗರಿಯ ಕೋಲು ತಂದು ಅವಳ ಮೂಗಿನ ಮುಂದೆ ಅಲ್ಲಾಡಿಸ್ತಾರೆ. ಯಾವ ಇಲಿ ತಾನಾಗೇ ಬಂದು ಬೆಕ್ಕಿನ ಮೂಗಿನ ಮುಂದೆ ಕುಣಿಯುತ್ತೆ ಹೇಳಿ? ಅಷ್ಟು ಹತ್ತಿರದ್ದು ಬೆಕ್ಕಿಗೆ ಸ್ಪಷ್ಟವಾಗಿ ಕಾಣೋದೂ ಇಲ್ಲ, ಸುಮಾರು ಒಂದಡಿ ದೂರವಾದ್ರೂ ಇರಬೇಕು. ಕೋಲನ್ನ ಅವಳಿಂದ ಆಚೆಗೆ ಎಳೀಬೇಕು, ನನ್ನ ಮರೆಯಲ್ಲಿ ಅಡಗಿಸಬೇಕು, ಒಂದು ಗಳಿಗೆ ನಿಲ್ಲಿಸಬೇಕು, ಕೊನೆಗೆ ಅದು ಅವಳ ಪಂಜಕ್ಕೆ ಸಿಕ್ಕಿಬೀಳಬೇಕು. ಸಿಕ್ಕಿಬೀಳೋದೇ ಮುಖ್ಯ. ಇವರೋ ಲೇಸರ್ ಚುಕ್ಕೆಯನ್ನ ಗೋಡೆ ತುಂಬ ಓಡಿಸಿ, ಸುಸ್ತಾದ ಮೇಲೆ ಆರಿಸಿ ಮಲಗ್ತಾರೆ. ಪುಟ್ಟಿ ನಡುರಾತ್ರಿವರೆಗೂ ಆ ಗೋಡೇನೇ ನೋಡ್ತಾ ಕೂತು, ಆಮೇಲೆ ಬಂದು ನನ್ನ ಎಡಗೈ ಹಿಡೀತಾಳೆ. ಲೇಸರ್ ಆಡಿಸಲೇಬೇಕು ಅಂದ್ರೆ ಕೊನೆಗೆ ಚುಕ್ಕೆಯನ್ನ ಒಂದು ತಿಂಡಿ ಚೂರಿನ ಮೇಲೆ ನಿಲ್ಲಿಸಿ. ಹಿಡಿದದ್ದು ಬಾಯಿಗೆ ಸಿಕ್ಕಿತು ಅನ್ನೋ ಸಮಾಧಾನ ಬೇಡ್ವಾ?

ಪ್ರಶ್ನೆ: ಕ್ಯಾಟ್‌ನಿಪ್ ಎಂಬ ಒಣಸೊಪ್ಪು ತುಂಬಿದ ಆಟಿಕೆ ಇಲಿಗಳಿಗೆ ಬೆಕ್ಕುಗಳು ಮರುಳಾಗುತ್ತವಂತಲ್ಲ?

ಸೋಫಾ: ಮೂರರಲ್ಲಿ ಒಂದು ಬೆಕ್ಕು ತಿರುಗಿಯೂ ನೋಡಲ್ಲ. ಅದು ವಂಶದಿಂದ ಬರೋ ಗುಣ. ನಮ್ಮ ಪುಟ್ಟಿ ಆ ಮೂರನೆಯವಳು. ಹೊರದೇಶದ ಒಣಸೊಪ್ಪಿನ ಇಲಿ ನನ್ನ ಕೆಳಗೆ ಧೂಳು ಕುಡೀತಿದೆ. ವಾಚ್‌ಮನ್ ಕೋಣೆ ಪಕ್ಕ ಕುಪ್ಪಿಗಿಡ ಕಳೆಯಾಗಿ ಬೆಳೆದಿತ್ತು. ಅದರ ಬೇರಿನ ವಾಸನೆಗೆ ಬೀದಿ ಬೆಕ್ಕುಗಳು ಬಂದು ಹೊರಳಾಡೋವು, ಬಿಟ್ಟಿಯಾಗಿ. ಅಸೋಸಿಯೇಷನ್‌ನವರು ಕೀಳಿಸಿ ಲಾನ್ ಹಾಕಿಸಿದ್ರು.

ಪ್ರಶ್ನೆ: ಸುರಕ್ಷತೆಯ ಬಗ್ಗೆ ಸರ್ಕಾರದ ನಿಯಮ ಏನಾದರೂ ಇದೆಯೇ?

ಸೋಫಾ: 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹದಿನಾಲ್ಕು ವರ್ಷದೊಳಗಿನವರು ಆಡೋ ಆಟಿಕೆಗಳಿಗೆ. ಸಿಂಬಾನಿಗೆ ನಾಲ್ಕು, ಪುಟ್ಟಿಗೆ ಮೂರು. ವಯಸ್ಸಿನ ಲೆಕ್ಕದಲ್ಲಿ ಇಬ್ಬರೂ ಪಾಸು. ಆದರೆ ಆದೇಶ ಇರೋದು ಮನುಷ್ಯರ ಮಕ್ಕಳಿಗೆ. ಹಾಗಾಗಿ ಪರೀಕ್ಷೆ ಮನೆಯವರೇ ಮಾಡಬೇಕು. ಹೆಬ್ಬೆರಳ ಉಗುರು ಒತ್ತಿದರೆ ಒಂಚೂರೂ ತಗ್ಗದಷ್ಟು ಗಟ್ಟಿ ಇದ್ದರೆ ಅದು ಹಲ್ಲು ಸೀಳುತ್ತೆ. ಚೆಂಡು ದವಡೆ ದಾಟಿ ಗಂಟಲಿಗೆ ಜಾರೋ ಅಷ್ಟು ಚಿಕ್ಕದಿರಬಾರದು. ಟೊಳ್ಳು ಚೆಂಡಿಗೆ ಒಂದೇ ತೂತಿದ್ರೆ ನಾಲಿಗೆ ಒಳಗೆ ಎಳ್ಕೊಂಡು ಹಿಡಿದುಬಿಡುತ್ತೆ. ಗಾಳಿ ಆಡೋಕೆ ಇನ್ನೊಂದು ತೂತು ಬೇಕು. ಬೊಂಬೆಯ ಗುಂಡಿ ಕಣ್ಣು ಮೊದಲೇ ಕಿತ್ತುಬಿಡಿ. ಕುರುಡು ಕರಡಿ ಜೊತೆ ಆಡೋಕೆ ಸಿಂಬಾನಿಗೇನೂ ಬೇಜಾರಿಲ್ಲ.

ಎಲ್ಲಕ್ಕಿಂತ ಅಪಾಯ ದಾರ. ಒಂದು ಸಂಜೆ ಅಮ್ಮಾವ್ರು ಮುಡಿದ ಮಲ್ಲಿಗೆ ಬಿಚ್ಚಿ ನನ್ನ ಬಲಗೈ ಮೇಲಿಟ್ಟರು. ಪುಟ್ಟಿ ಹೂವು ಬಿಟ್ಟು ದಾರಕ್ಕೆ ಬಾಯಿ ಹಾಕಿದಳು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆ ಬಾಗಿರ್ತವೆ. ಸಿಕ್ಕ ದಾರ ಉಗುಳೋದು ಕಷ್ಟ, ಒಳಕ್ಕೇ ಹೋಗುತ್ತೆ. ಒಂದು ತುದಿ ನಾಲಿಗೆ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗಿಳಿದರೆ ಕರುಳು ನೆರಿಗೆಯಾಗಿ ಮುದುಡುತ್ತೆ. ತುದಿ ಹೊರಗೆ ಕಂಡರೂ ಎಳೀಬಾರದು, ಡಾಕ್ಟರ ಹತ್ರ ಓಡಬೇಕು. ಆವತ್ತು ಮಗಳು ನೋಡಿ ಕಸ್ಕೊಂಡಳು.

ಪ್ರಶ್ನೆ: ನಮ್ಮ ನಾಡಿನ ಆಟಿಕೆಗಳನ್ನೇ ಕೊಡಬಾರದೇ? ಚನ್ನಪಟ್ಟಣ ಹತ್ತಿರದಲ್ಲೇ ಇದೆ.

ಸೋಫಾ: ಯಜಮಾನರಿಗೂ ಇದೇ ಅಭಿಮಾನ ಉಕ್ಕಿ, ಮೈಸೂರಿಂದ ಬರೋವಾಗ ಕಾರು ನಿಲ್ಲಿಸಿ ಕುದುರೆ ತಂದ್ರು. ಆಲೆಮರ, ಅರಗಿನ ಬಣ್ಣ, ಜಿಐ ಮಾನ್ಯತೆ, ಎಲ್ಲಾ ಸರಿ. ಆದರೆ ಆ ಕುಶಲಕರ್ಮಿ ಹಾಲುಹಲ್ಲಿನ ಮಗು ನೆನೆಸ್ಕೊಂಡು ಕಡೆದಿದ್ದು, ಸಿಂಬಾನ ದವಡೆ ನೆನೆಸ್ಕೊಂಡಲ್ಲ. ಹತ್ತು ನಿಮಿಷಕ್ಕೆ ಕುದುರೆ ಕಾಲು ಚಕ್ಕೆಯಾಯ್ತು. ಮರದ ಚಕ್ಕೆ ಒಸಡಿಗೂ ಚುಚ್ಚುತ್ತೆ, ಗಂಟಲಿಗೂ ಚುಚ್ಚುತ್ತೆ. ಆದರೂ ಸುಳ್ಳು ಯಾಕೆ ಹೇಳಲಿ, ಆ ಹತ್ತು ನಿಮಿಷ ನನ್ನ ಕಾಲಿಗೆ ರಜೆ ಸಿಕ್ಕಿತ್ತು.

ಪ್ರಶ್ನೆ: ಎಂದೂ ಹಾಳಾಗದ ಗಟ್ಟಿಮುಟ್ಟು ಆಟಿಕೆ ಕೊಂಡರಾಯಿತಲ್ಲ?

ಸೋಫಾ: ಎಲ್ಲರೂ ಎಡವೋದು ಅಲ್ಲೇ. ನಿಮಗೆ ಬಾಳಿಕೆ ಬೇಕು, ಅವಕ್ಕೆ ಬೇಟೆ ಬೇಕು. ನೋಡು, ಅಟ್ಟಿಸು, ಹಿಡಿ, ಕೊಡವು, ಹರಿ. ಐದನೇ ಪಾಠಕ್ಕೆ ಅವಕಾಶ ಕೊಡದಿದ್ರೆ ಅದನ್ನ ನನ್ನ ಮೇಲೆ ಮುಗಿಸ್ತಾವೆ. ಹರಿಯೋಕೆ ದುಡ್ಡು ಬೇಕಿಲ್ಲ: ಟೇಪು, ಪಿನ್ನು ಕಿತ್ತ ರಟ್ಟಿನ ಡಬ್ಬಿ, ಕಾಗದದ ಮೊಟ್ಟೆ ಟ್ರೇ. ನುಂಗದ ಹಾಗೆ ಪಕ್ಕದಲ್ಲಿ ಒಬ್ಬರು ಇದ್ದರೆ ಆಯ್ತು. ಅಮ್ಮಾವ್ರು ಆಟಿಕೆ ಹೊರಗೆ ತೆಗೆದು ಡಬ್ಬಿ ರದ್ದಿಗೆ ಹಾಕ್ತಾರೆ, ನಾಯಿ ರದ್ದಿ ಕಡೆ ನೋಡ್ತಾ ನಿಲ್ಲುತ್ತೆ.

ಅಗಿಯೋಕಾದ್ರೆ ಗಟ್ಟಿ ರಬ್ಬರ್ ಸರಿ. ಕಾಂಗ್ ಅನ್ನೋ ಆಟಿಕೆ ಹುಟ್ಟಿದ್ದೇ ತಮಾಷೆ. 1970ರ ದಶಕದಲ್ಲಿ ಅಮೆರಿಕದ ಜೋ ಮಾರ್ಕಮ್ ಅನ್ನೋರ ಜರ್ಮನ್ ಶೆಫರ್ಡ್ ಕಲ್ಲು ಕಡಿದು ಹಲ್ಲು ಹಾಳು ಮಾಡ್ಕೊಳ್ತಿತ್ತು. ಅವರು ಫೋಕ್ಸ್‌ವ್ಯಾಗನ್ ವ್ಯಾನು ರಿಪೇರಿ ಮಾಡ್ತಾ ಎಸೆದ ಸಸ್ಪೆನ್ಷನ್‌ನ ರಬ್ಬರ್ ತುಂಡನ್ನ ನಾಯಿ ಕಚ್ಕೊಂಡು ಬಿಡಲೇ ಇಲ್ಲ. ಅಲ್ಲೂ ಆರಿಸಿದ್ದು ನಾಯಿ, ಯಜಮಾನ ಅಲ್ಲ, ಗಮನಿಸಿ. ನಮ್ಮಲ್ಲಿ ಮಗಳು ಅದರೊಳಗೆ ಒಗ್ಗರಣೆ, ಉಪ್ಪು ಇಲ್ಲದ ಮೊಸರನ್ನ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಡ್ತಾಳೆ. ಅದು ಕರಗಿ ಖಾಲಿಯಾಗೋ ತನಕ ನಾನು ನಿದ್ದೆ ಮಾಡ್ತೀನಿ.

ಪ್ರಶ್ನೆ: ನಿಮ್ಮ ಎಡಗೈಗೆ ಏನು ಪರಿಹಾರ?

ಸೋಫಾ: ಪುಟ್ಟಿ ಕೆರೆಯೋದು ಹಠಕ್ಕಲ್ಲ. ಉಗುರಿನ ಹಳೇ ಪೊರೆ ಕಳಚಬೇಕು, ಬೆನ್ನು ನಿಮಿರಬೇಕು, ಅಂಗಾಲಿನ ವಾಸನೆ ಬಿಟ್ಟು ‘ಇದು ನಂದು’ ಅಂತ ರುಜು ಹಾಕಬೇಕು. ಒಂದು ಕಂಬ ತಂದ್ರು, ಗುಲಾಬಿ ಬಣ್ಣ, ಮೊಣಕಾಲೆತ್ತರ. ಕೈ ಇಟ್ಟರೆ ಉರುಳುತ್ತೆ. ಬೆಕ್ಕು ಮೈಚಾಚಿ ನಿಂತಷ್ಟು ಎತ್ತರ, ಜಗ್ಗಿದ್ರೂ ಅಲ್ಲಾಡದ ಬುಡ, ಮೈತುಂಬ ಕತ್ತಾಳೆ ಹಗ್ಗ, ಇಷ್ಟೇ ಬೇಕಾಗಿರೋದು. ಅದನ್ನ ನನ್ನ ಪಕ್ಕದಲ್ಲೇ ನಿಲ್ಲಿಸಬೇಕು, ಮೂಲೆಯಲ್ಲಲ್ಲ. ಅಷ್ಟು ಮಾಡಿದ್ರೆ ನನಗೆ ವಿಮೆ ಸಿಕ್ಕಿದಂಗೆ. ‘ಹಾಲ್‌ನ ಅಂದ ಕೆಡುತ್ತೆ’ ಅಂದ್ರು ಅಮ್ಮಾವ್ರು. ಈಗ ನೋಡಿ, ಅಂದ ಹೇಗಿದೆ!

ಪ್ರಶ್ನೆ: ಮುಂದಿನ ತಿಂಗಳು ಹೊಸ ಸೋಫಾ ಬರುತ್ತದಂತೆ. ಅದಕ್ಕೇನು ಕಿವಿಮಾತು?

ಸೋಫಾ: ನಿನ್ನ ಬಣ್ಣ ಗೋಡೆಗೆ ಹೊಂದುತ್ತಾ ಅಂತ ಅವರು ನೋಡ್ತಾರೆ, ಮನೇಲಿ ಯಾರ್ಯಾರಿದ್ದಾರೆ ಅಂತ ನೀನು ಕೇಳು ತಾಯಿ. ಒಬ್ಬನಿಗೆ 42 ಹಲ್ಲು, ಒಬ್ಬಳಿಗೆ 18 ಉಗುರು. ಕಾಲು ಕಬ್ಬಿಣದ್ದು ಹಾಕಿಸ್ಕೊ, ಮೈಗೆ ಉಗುರು ಸಿಕ್ಕದ ನುಣುಪು ಬಟ್ಟೆ ಹೊಲಿಸ್ಕೊ. ಮುಖ್ಯವಾಗಿ ಕೆಳಗೆ ಒಂದಿಂಚೂ ಜಾಗ ಬಿಡಬೇಡ. ಬಿಟ್ಟೆಯೋ, ಆಟಿಕೆ ಅಂಗಡಿಯವನ ಗೋಡೌನ್ ಆಗ್ತೀಯ, ಅದೂ ಬಾಡಿಗೆ ಇಲ್ಲದೆ.