ಹಾಯಿದೋಣಿಯ ಡೀಸೆಲ್: ಪೂರ್ವಪಕ್ಷ ಮತ್ತು ಖಂಡನೆ

ಸಣ್ಣ ಹಾಯಿದೋಣಿಯ ಹೊಟ್ಟೆಯೊಳಗಿನ ಡೀಸೆಲ್ ಎಂಜಿನ್ ಕುರಿತು ಎರಡು ದರ್ಶನಗಳಿವೆ. ಮೊದಲನೆಯದು ಹಾಯಿವಾದ. ‘ದೋಣಿ ನಡೆಯುವುದು ಗಾಳಿಯಿಂದ, ಎಂಜಿನ್ ಬರಿಯ ಉಪಾಧಿ, ಉಪಾಧಿಗೆ ಆಯಿಲ್ ಬದಲಿಸುವುದು ವ್ಯರ್ಥ’ ಎಂಬುದು ಇದರ ಪೂರ್ವಪಕ್ಷ. ಇಂಗ್ಲೆಂಡಿನ ತೆಂಕಣ ಕರಾವಳಿಯ ಸೋಲೆಂಟ್ ಜಲಸಂಧಿಯಲ್ಲಿ ಗಾಳಿ ಬಿದ್ದು, ಸೆಳೆತ ಜೋರಾಗಿ, ಸೌತಾಂಪ್ಟನ್ನಿಗೆ ಹೊರಟ ಕಂಟೇನರ್ ಹಡಗು ಎದುರಿಗೆ ಬಂದಾಗ ಈ ಪಂಥದವರು ಸಾಮೂಹಿಕವಾಗಿ ಮತಾಂತರಗೊಳ್ಳುತ್ತಾರೆ. ಆಗ ಕೀಲಿ ತಿರುಗಿಸಿದರೆ ಎಂಜಿನ್ ಮೌನವ್ರತದಲ್ಲಿರುತ್ತದೆ.

ಎರಡನೆಯದು ಯಂತ್ರವಾದ. ಇದರ ಮೂಲಗ್ರಂಥ ಕಂಪನಿಯ ಕೈಪಿಡಿ. ಅದನ್ನು ಪ್ಲಾಸ್ಟಿಕ್ ಚೀಲದಿಂದ ಯಾರೂ ಹೊರತೆಗೆಯದ ಕಾರಣ ಪಾಠಾಂತರಗಳಿಲ್ಲ.

ಡೀಸೆಲ್ ಎಂಜಿನ್ ಮಹಾ ಮಡಿವಂತ. ಕಿಡಿಯ ಹಂಗಿಲ್ಲದೆ, ಗಾಳಿಯನ್ನು ಒತ್ತಿ ಕಾಯಿಸಿಯೇ ಉರಿಯುತ್ತದೆ. ಇಂಧನದಲ್ಲಿ ಮಾತ್ರ ಮೈಲಿಗೆ ಸಹಿಸದು. ಹಾಯಿಗೆ ಪ್ರಾಣವಾದ ಗಾಳಿಯೇ ಇಂಧನದ ಕೊಳವೆ ಹೊಕ್ಕರೆ ಎಂಜಿನ್ನಿಗೆ ಮೃತ್ಯು. ಇನ್ನು ಅರ್ಧ ತುಂಬಿದ ಟ್ಯಾಂಕಿನಲ್ಲಿ ಚಳಿಗಾಲದಲ್ಲಿ ಹನಿಗಟ್ಟಿದ ನೀರು ತಳಕ್ಕಿಳಿಯುತ್ತದೆ. ನೀರೂ ಡೀಸೆಲೂ ಕೂಡುವ ಗಡಿಯಲ್ಲಿ ಹಾರ್ಮೊಕೋನಿಸ್ ರೆಸಿನೇ ಎಂಬ ಬೂಷ್ಟು ಸಂಸಾರ ಹೂಡುತ್ತದೆ. ಸಮುದ್ರ ಕೆರಳಿ ದೋಣಿ ಕುಲುಕಿದಾಗ ಆ ಲೋಳೆ ಮೇಲೆದ್ದು ಫಿಲ್ಟರಿಗೆ ಅಡರುತ್ತದೆ. ಎಂಜಿನ್ ಬಿರುಗಾಳಿಯಲ್ಲೇ ಕೈಕೊಡುವುದಕ್ಕೆ ಶನಿಕಾಟದ ವ್ಯಾಖ್ಯಾನ ಬೇಕಿಲ್ಲ. ಚಳಿಗಾಲಕ್ಕೆ ಮುಂಚೆ ಟ್ಯಾಂಕ್ ತುಂಬಿಸಿ, ಫಿಲ್ಟರಿನ ತಳದ ನೀರು ಬಸಿದು, ವರ್ಷಕ್ಕೊಮ್ಮೆ ಫಿಲ್ಟರನ್ನೂ ಆಯಿಲನ್ನೂ ಬದಲಿಸಿದರೆ ಈ ಅಧ್ಯಾಯ ಮುಗಿಯಿತು.

ಇಂಪೆಲರ್ ಪ್ರಕರಣ ಇನ್ನೂ ಗಹನ. ಅಂಗೈಯಲ್ಲಿ ಹಿಡಿಸುವ ಈ ರಬ್ಬರಿನ ಚಕ್ರ ಸಮುದ್ರದ ನೀರೆಳೆದು ಎಂಜಿನ್ ತಣ್ಣಗಿಡುತ್ತದೆ. ಅದಕ್ಕೆ ನೀರೇ ಕೀಲೆಣ್ಣೆ; ನೀರಿನ ಕವಾಟ ತೆರೆಯಲು ಮರೆತರೆ ಕೆಲವೇ ನಿಮಿಷಗಳಲ್ಲಿ ದಳಗಳು ಹರಿದುಹೋಗುತ್ತವೆ. ಹಳೆಯದನ್ನು ಬಿಚ್ಚಿದವರು ದಳಗಳನ್ನು ಎಣಿಸತಕ್ಕದ್ದು. ಒಂದು ಕಡಿಮೆಯಿದ್ದರೆ ಅದು ಮುಂದಿನ ಕೊಳವೆಯಲ್ಲೆಲ್ಲೋ ಸಿಕ್ಕಿಕೊಂಡಿದೆ; ನಿಜವಾದ ಸಂಶೋಧನೆ ಅಲ್ಲಿಂದ ಆರಂಭ.

ಎಂಜಿನ್ ಉಳಿಸಲು ಒಂದು ಲೋಹ ತಾನೇ ಸವೆದು ಬಲಿಯಾಗುವುದೂ ಉಂಟು; ಈ ಬಲಿದಾನಕ್ಕೂ ಇತಿಹಾಸವಿದೆ. 1824ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಗೆ ಕೀಳು ಲೋಹದ ತುಂಡು ತಗಲಿಸಿ, ಸವೆತವನ್ನೆಲ್ಲ ಅದರ ತಲೆಗೆ ಕಟ್ಟಿದ. ತಾಮ್ರವೇನೋ ಉಳಿಯಿತು, ಆದರೆ ಅದು ಕರಗಿ ವಿಷ ಸೂಸುವುದು ನಿಂತದ್ದೇ, ಪಾಚಿ ಚಿಪ್ಪುಗಳು ಬಿಡಾರ ಹೂಡಿ ಹಡಗುಗಳ ವೇಗ ಕುಗ್ಗಿತು. ನೌಕಾಪಡೆ ಪ್ರಯೋಗವನ್ನು ಕೈಬಿಟ್ಟಿತು. ಅದೇ ತತ್ತ್ವದ ಸತುವಿನ ಕಡ್ಡಿ ಇಂದಿಗೂ ಹಲವು ಎಂಜಿನ್ನುಗಳೊಳಗೆ ಸವೆಯುತ್ತಿದೆ. ವರ್ಷ ಕಳೆದರೂ ಅದು ಹೊಸದರಂತಿದ್ದರೆ ಸಂಭ್ರಮಿಸಬೇಡಿ, ಸಂಪರ್ಕವೇ ಕಡಿದಿರಬಹುದು.

ಇಷ್ಟು ಪಾಂಡಿತ್ಯ ಹಿಡಿಸದವರು ಒಂದು ಕೆಲಸ ಮಾಡಲಿ: ಎಂಜಿನ್ ಶುರುವಾದ ಕೂಡಲೇ ಹಿಂಬದಿಗೆ ಬಗ್ಗಿ ಹೊಗೆಕೊಳವೆ ನೋಡಲಿ. ಎಂಜಿನ್ ತಣಿಸಿದ ನೀರು ಅದರಿಂದ ಹೊರಬರುತ್ತಿಲ್ಲವೇ? ಹಾಗಿದ್ದರೆ ಚರ್ಚೆ ಆಮೇಲೆ, ಮೊದಲು ಎಂಜಿನ್ ನಿಲ್ಲಿಸಿ.