ದ್ವೀಪವಿಹಾರ ಮೀಮಾಂಸೆ, ಅಥವಾ ಮಂಡಿ ಹಿಡಿದ ದಂಪತಿಗಳಿಗೆ ಘಟಪ್ರಭೆಯ ಉಪಕಾರ

ಶಾಸ್ತ್ರ ಬರೆಯಲು ಕೂತವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ ಯಾವುದು, ಅಧಿಕಾರಿ ಯಾರು, ಎರಡಕ್ಕೂ ಸಂಬಂಧವೇನು, ಪ್ರಯೋಜನವೇನು. ವಿಷಯ, ಉಷ್ಣವಲಯದ ದ್ವೀಪದಲ್ಲಿ ಆರಾಮದ ವಿಹಾರ. ಅಧಿಕಾರಿ, ಎಪ್ಪತ್ತು ದಾಟಿದ ಗಂಡಹೆಂಡತಿ. ಇಬ್ಬರಿಗೂ ಕೂಡಿ ಮಂಡಿ ನಾಲ್ಕು, ಅದರಲ್ಲಿ ಮಾತು ಕೇಳುವುದು ಒಂದೂವರೆ. ಸಂಬಂಧ, ಪುಣೆಯಲ್ಲಿರುವ ಮಗ ಫೋನಿಗೆ ಕಳಿಸಿದ ನೀಲಿ ಸಮುದ್ರದ ಚಿತ್ರ. ಪ್ರಯೋಜನವನ್ನು ಕಟ್ಟಕಡೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ಓದುವುದಿಲ್ಲ.

ಪೂರ್ವಪಕ್ಷ ಟ್ರಾವೆಲ್ ಏಜೆಂಟರದು. ಅವರ ಮತದಲ್ಲಿ ದ್ವೀಪ ಒಂದು ಕಡೆ ನಿಂತಿರುತ್ತದೆ, ದಂಪತಿ ಅಲ್ಲಿಗೆ ಹೋಗಬೇಕು. ಈ ಮತವನ್ನು ಖಂಡಿಸಲು ದೂರ ಹೋಗಬೇಕಿಲ್ಲ, ರೈಲ್ವೆ ಸ್ಟೇಶನ್ ಸಾಕು. ಗೋಕಾಕದವರ ಸ್ಟೇಶನ್ನಿನ ಹೆಸರು ಗೋಕಾಕ ರೋಡ್. ಇದು ಗೋಕಾಕ ಅಲ್ಲ, ಗೋಕಾಕಕ್ಕೆ ಹೋಗುವ ರೋಡು, ಮುಂದಿನದು ನಿಮ್ಮ ಕಾಲು ನಿಮ್ಮ ಹಣೆಬರಹ ಎಂದು ರೈಲ್ವೆಯವರು ಹೆಸರಿನಲ್ಲೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಅಲ್ಲಿಂದ ರೈಲು, ವಿಮಾನ, ಹಡಗು. ಲಕ್ಷದ್ವೀಪಕ್ಕಾದರೆ ಪರವಾನಗಿ ಬೇರೆ. ಅಂದಮಾನಿನಲ್ಲಿ ಸ್ವರಾಜ್ ದ್ವೀಪದ ಬಿಳಿ ಮರಳಿಗೆ ಹೋಗಬೇಕೆಂದರೆ ದೊಡ್ಡ ದ್ವೀಪ ಮುಟ್ಟಿದ ಮೇಲೆ ಮತ್ತೊಂದು ಹಡಗು. ಕೊನೆಗೆ ಮರಳಿನಲ್ಲಿ ಊರುಗೋಲು ಊರಿದರೆ ಅದು ಒಳಗಿಳಿಯುತ್ತದೆ, ಅದರ ಹಿಂದೆ ಯಜಮಾನರು.

ಆದ್ದರಿಂದ ಸಿದ್ಧಾಂತ: ನಡೆಯಲಾರದವರು ದ್ವೀಪಕ್ಕೆ ಹೋಗಬಾರದು, ದ್ವೀಪವೇ ಅವರ ಮನೆಗೆ ಬರಬೇಕು. ಈ ಸೌಲಭ್ಯ ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲೂಕುಗಳ ಹೊಳೆದಂಡೆಯಲ್ಲಿದೆ. ಮಾಲ್ದೀವ್ಸಿನಲ್ಲಿ ಇಲ್ಲ.

ಶಬ್ದಾರ್ಥ ನೋಡೋಣ. ದ್ವೀಪ ಎಂದರೆ ದ್ವಿ ಮತ್ತು ಅಪ್, ಎರಡು ಕಡೆ ನೀರಿರುವುದು. ಸಂಸ್ಕೃತ ವೈಯಾಕರಣರು ಉದಾರಿಗಳು, ನಾಲ್ಕೂ ಕಡೆ ನೀರು ಕೇಳಲಿಲ್ಲ. ಆ ಲೆಕ್ಕದಲ್ಲಿ ಒಂದು ಕಡೆ ಘಟಪ್ರಭೆ, ಇನ್ನೊಂದು ಕಡೆ ಮಾರ್ಕಂಡೇಯ ಇರುವ ಗೋಕಾಕ ಬೇಸಿಗೆಯಲ್ಲೂ ಅರ್ಧ ದ್ವೀಪವೇ. ಕನ್ನಡದಲ್ಲಿ ಇದಕ್ಕೆ ನಡುಗಡ್ಡೆ ಎಂಬ ಪದವಿದೆ, ಮತ್ತು ನಮ್ಮ ಕಡೆಯ ಪೇಪರಿನವರು ಅದನ್ನು ಕ್ರಿಯಾಪದ ಮಾಡಿ ಭಾಷೆಗೆ ದೊಡ್ಡ ಸೇವೆ ಮಾಡಿದ್ದಾರೆ. ಬೇರೆ ದೇಶದಲ್ಲಿ ದ್ವೀಪ ಇರುತ್ತದೆ. ನಮ್ಮಲ್ಲಿ ಊರು ನಡುಗಡ್ಡೆ ಆಗುತ್ತದೆ. ನಿನ್ನೆ ಆಗಿರಲಿಲ್ಲ, ಇವತ್ತು ಆಯಿತು, ಮುಂದಿನ ವಾರ ಬಿಡುತ್ತದೆ.

ಉಷ್ಣವಲಯವೇ ಎಂದು ಶಂಕಿಸುವವರು ನಕಾಶೆ ತೆಗೆಯಲಿ. ಕರ್ಕಾಟಕ ವೃತ್ತ ಇಪ್ಪತ್ಮೂರೂವರೆ ಡಿಗ್ರಿಯಲ್ಲಿದೆ, ಗೋಕಾಕ ಸುಮಾರು 16 ಡಿಗ್ರಿಯಲ್ಲಿ. ಪ್ರಮಾಣ ಸಿದ್ಧವಾಯಿತು. ಇನ್ನು ಬಿಸಿಲು. ಕೇರಳಕ್ಕೋ ಕೊಡಗಿಗೋ ನೆರೆ ಬಂದರೆ ಮೇಲಿನಿಂದಲೂ ಸುರಿಯುತ್ತಿರುತ್ತದೆ, ವಿಹಾರಕ್ಕೆ ಕಳೆ ಇಲ್ಲ. ನಮ್ಮದು ಬಯಲುಸೀಮೆ, ಸಹ್ಯಾದ್ರಿಯ ಮಳೆ ನೆರಳಿನ ಪ್ರದೇಶ. ಮಳೆ ಹೊಡೆಯುವುದು ಅತ್ತ ಅಂಬೋಲಿಯಲ್ಲಿ, ಚಂದಗಡದಲ್ಲಿ. ನೀರು ಬರುವುದು ಇತ್ತ. ‘ಮಳಿ ಇಲ್ಲ ಏನಿಲ್ಲ, ಹೊಳಿ ಬಂತು’ ಎಂಬುದು ಇಲ್ಲಿನ ವಾಡಿಕೆಯ ಮಾತು. ತಲೆಯ ಮೇಲೆ ಎಳೆಬಿಸಿಲು, ಸುತ್ತ ನೀರು, ತೆಂಗಿನ ಬದಲು ಕಬ್ಬಿನ ಸುಳಿ ನೀರಿನ ಮೇಲೆ ತೂಗುತ್ತಿರುತ್ತದೆ. ಮಗ ಕಳಿಸಿದ ಚಿತ್ರಕ್ಕೂ ಇದಕ್ಕೂ ಇರುವ ಭೇದ ಬಣ್ಣದ್ದು ಮಾತ್ರ. ಅದು ನೀಲಿ, ಇದು ಚಹಾ.

ದ್ವೀಪ ನಿರ್ಮಾಣದ ವಿಧಾನವನ್ನೂ ಹೇಳದಿದ್ದರೆ ಗ್ರಂಥ ಊನ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ ಹಿಡಿಯುವುದು 51 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈ ಲೆಕ್ಕ ಯಾರ ತಲೆಗೂ ಹೋಗದು, ಆದ್ದರಿಂದ ಕೊಡದಲ್ಲಿ ಹೇಳುತ್ತೇನೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಇಪ್ಪತ್ತೆಂಟು ಲೀಟರ್, ಅಂದರೆ ನಮ್ಮ ಅತ್ತಿ ನೀರು ತರುತ್ತಿದ್ದ ತಾಮ್ರದ ಕೊಡದಿಂದ ಎರಡು ಕೊಡ. ಐವತ್ತು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ ಎಂದು ಟಿವಿಯಲ್ಲಿ ಹೇಳಿದರೆ, ಕಣ್ಣು ಮಿಟುಕಿಸುವುದರೊಳಗೆ ಲಕ್ಷ ಕೊಡ ನಿಮ್ಮ ಊರಿನ ದಾರಿ ಹಿಡಿದಿವೆ ಎಂದು ತಿಳಿಯಬೇಕು. ಡ್ಯಾಮಿನ ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತಾಳೆ. ಧೂಪದಾಳದ ಒಡ್ಡು ದಾಟಿ, ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಧುಮುಕಿ ಸೆಲ್ಫಿಯವರಿಗೆ ದರ್ಶನ ಕೊಟ್ಟು, ಗೋಕಾಕದ ಹತ್ತಿರ ಮಾರ್ಕಂಡೇಯನನ್ನೂ ಕರೆದುಕೊಂಡು ಮೂಡಲಗಿ ಕಡೆಗೆ ನಡೆಯುತ್ತಾಳೆ ಘಟಪ್ರಭೆ. ಲೋಳಸೂರ ಸೇತುವೆ ಮುಳುಗಿತೋ, ಸುಣಧೋಳಿ, ಅವರಾದಿ ಸೇತುವೆಗಳೂ ಮುಳುಗಿದವೋ, ಅಲ್ಲಿಗೆ ರಿಸಾರ್ಟು ಉದ್ಘಾಟನೆಯಾದಂತೆ.

(ಧೂಪದಾಳದ ಹಿನ್ನೀರಿನಲ್ಲಿ ನಿಜವಾದ ನಡುಗಡ್ಡೆಗಳೂ ಇವೆ. 1974ರಿಂದ ಅದು ಪಕ್ಷಿಧಾಮ. ಹಿಮಾಲಯ ದಾಟಿ ಕೊಕ್ಕರೆ ಜಾತಿಯವು ಚಳಿಗಾಲ ಕಳೆಯಲು ಬರುತ್ತವೆ. ಅವುಗಳ ಮಂಡಿ ನಮ್ಮವರ ಮಂಡಿಯಂತಲ್ಲ, ಹಿಂದಕ್ಕೆ ಬಾಗಿದಂತೆ ಕಾಣುತ್ತದೆ. ನಿಂತಲ್ಲೇ ನಿದ್ದೆ ಹೊಡೆಯುತ್ತವೆ. ಅವು ಈ ಶಾಸ್ತ್ರದ ಅಧಿಕಾರಿಗಳಲ್ಲ.)

ಈಗ ದೃಷ್ಟಾಂತ. ನನ್ನ ಸೋದರಮಾವ ಮತ್ತು ಅತ್ತಿ ಮೂಡಲಗಿ ತಾಲೂಕಿನ ಹೊಳೆದಂಡೆಯ ಹಳ್ಳಿಯವರು. ಮಾಮಾಗೆ ಆಗ ಎಪ್ಪತ್ತೆಂಟು, ಅತ್ತಿಗೆ ಎಪ್ಪತ್ಮೂರು. ಮಂಡಿಗೆ ಇಬ್ಬರೂ ಕರದಂಟನ್ನು ಔಷಧವೆಂದು ನಂಬಿದವರು. ಅಂಟನ್ನು ಕರಿದರೆ ಕರದಂಟು, ಬಾಣಂತಿಯ ಸೊಂಟಕ್ಕೆ ಅಂಟು ಬಲ ಕೊಡುವುದಾದರೆ ಮುದುಕರ ಮಂಡಿಗೂ ಕೊಡಲೇಬೇಕು ಎಂಬುದು ಮಾಮಾನ ತರ್ಕ. ಬೆಲ್ಲ, ಒಣಕೊಬ್ಬರಿ, ಗೇರುಬೀಜದ ಆ ತುಂಡನ್ನು ಬಾಯಲ್ಲಿಟ್ಟು ಕರಗಲು ಬಿಟ್ಟು, ಮಗ ಕಳಿಸಿದ ಪ್ಯಾಕೇಜಿನ ಚಿತ್ರ ನೋಡಿ ಅವರು ಕೊಟ್ಟ ತೀರ್ಪು ಇದು: ‘ಅಲ್ಲಿ ನೀರ ನಡುವ ಮನಿ ಕಟ್ಟ್ಯಾರಂತ, ಒಂದ್ ರಾತ್ರಿಗಿ ಮೂವತ್ತ್ ಸಾವಿರ ಅಂತ. ನಮ್ಮ ಮನೀನ ನೀರ ನಡುವ ನಿಂದ್ರತೈತಿ, ಪುಕ್ಕಟ.’

2019ರ ಆಗಸ್ಟ್ 5 ನಾಗಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅತ್ತಿಯ ತವರು ಸಂಕೇಶ್ವರ, ಹಿರಣ್ಯಕೇಶಿ ದಂಡೆ. ಮಂಡಿ ಹಿಡಿದ ಮೇಲೆ ಪಂಚಮಿಗೆ ಹೋಗಿರಲಿಲ್ಲ. ಶೇಂಗಾ ಉಂಡಿ, ಅಳ್ಳಿನ ಹಿಟ್ಟು ಡಬ್ಬಿ ತುಂಬಿಟ್ಟಿದ್ದಳು. ಎರಡು ದಿನ ಬಿಟ್ಟು ಹೊಳೆ ಹಿತ್ತಲಿಗೆ ಬಂತು. ‘ನಾ ತವರಿಗಿ ಹೋಗಲಿಲ್ಲಂತ ತವರ ಹೊಳೀನ ನನ್ನ ನೋಡಾಕ ಬಂತ ನೋಡ್ರಿ’ ಎಂದಳಂತೆ. ಮೀಮಾಂಸಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಕೇಶ್ವರದ ನೀರು ಹೊಳೆಯಿಂದ ಹೊಳೆಗೆ ಸೇರಿ ಅವಳ ಹೊಸ್ತಿಲಿಗೆ ಬರುವುದು ಭೂಗೋಳದ ದೃಷ್ಟಿಯಿಂದ ಸರಿಯಾಗಿಯೇ ಇದೆ.

ವಿಹಾರ ಶುರುವಾಯಿತು. ಹುಡುಗರು ರಬ್ಬರ್ ಬೋಟು ತಂದರು. ಬೋಟಿನ ಅಂಚು ತೊಡೆಯೆತ್ತರ. ಹಾರಿ ಕೂಡುವವರಿಗೆ ಅದೊಂದು ಅಂಚು, ಮಾಮಾನಿಗೆ ಅದು ಯಲ್ಲಮ್ಮನ ಗುಡ್ಡ. ಕೊನೆಗೆ ಅಂಗಳದ ಬಿಳಿ ಪ್ಲಾಸ್ಟಿಕ್ ಖುರ್ಚಿಯಲ್ಲಿ ಕೂಡಿಸಿ, ಕಾಲಿಗೊಬ್ಬರಂತೆ ನಾಲ್ವರು ಹಿಡಿದು ಎತ್ತಿದರು. ಪಲ್ಲಕ್ಕಿ ಏರಿದವರಂತೆ ಮಾಮಾ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ರೇಶನ್ ಕಾರ್ಡು, ಆಧಾರ್ ಇದ್ದ ಪಾಲಿಥೀನ್ ಚೀಲ ಹಿಡಿದು ಸಾಗಿದರು. ನಡುದಾರಿಯಲ್ಲಿ ಖುರ್ಚಿಯ ಹಿಂದಿನ ಒಂದು ಕಾಲು ಸೀಳಿತು. ಆ ಕಡೆ ಹಿಡಿದಿದ್ದವನು ಹೆಗಲು ಕೊಟ್ಟ. ಅತ್ತಿ ಬೋಟಿಗೆ ಬರಲು ಒಪ್ಪಲಿಲ್ಲ. ಮೂಡಲಗಿ ಪೇಟೆಯಿಂದ ತಂದ ಎಮ್ಮೆಯ ಹಗ್ಗ ಬಿಚ್ಚುವವರೆಗೆ ಹೊಸ್ತಿಲು ಬಿಡಲಿಲ್ಲ. ಬಿಚ್ಚಿದರು. ಎಮ್ಮೆ ಯಾರ ಸಹಾಯವೂ ಇಲ್ಲದೆ ಈಜಿ ಎಲ್ಲರಿಗಿಂತ ಮೊದಲು ದಿನ್ನೆ ಸೇರಿತು. ವಯೋವೃದ್ಧರ ಸಂಚಾರ ಸೌಲಭ್ಯದ ಬಗ್ಗೆ ಆ ಎಮ್ಮೆಗೆ ಇದ್ದ ಸಿದ್ಧತೆ ಮತ್ತೆ ಯಾರಿಗೂ ಇರಲಿಲ್ಲ.

ವಸತಿ, ಊಟ ಎಲ್ಲ ಸೇರಿದ ಪ್ಯಾಕೇಜಿಗೆ ಸರಕಾರಿ ಭಾಷೆಯಲ್ಲಿ ಕಾಳಜಿ ಕೇಂದ್ರ ಎಂದು ಹೆಸರು. ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದರು. ಗಂಜಿ ಹೋಗಿ ಕಾಳಜಿ ಬಂತು, ಅನ್ನ ಸಾರು ಅದೇ ಉಳಿಯಿತು. ಇವರಿಗೆ ಸಿಕ್ಕಿದ್ದು ಎತ್ತರದ ಮೇಲಿನ ಒಂದು ಶಾಲೆಯ ನಾಲ್ಕನೇ ಇಯತ್ತೆಯ ಖೋಲಿ. ಗೋಡೆಯ ಮೇಲೆ ಪ್ರಪಂಚದ ನಕಾಶೆ, ಮಾಲ್ದೀವ್ಸ್ ಇರಬೇಕಾದಲ್ಲಿ ಮೊಳೆ ಹೊಡೆದ ತೂತು. ಊಟಕ್ಕೆ ಮಾತ್ರ ಬಡತನವಿರಲಿಲ್ಲ. ಎಲ್ಲೆಲ್ಲಿಂದಲೋ ಜನ ಲಾರಿ ತುಂಬ ರೊಟ್ಟಿ, ಚಟ್ನಿ, ಚಾದರ ತಂದು ಸುರಿದರು. ಆ ಔದಾರ್ಯದ ಮುಂದೆ ಅಣಕು ನಡೆಯದು. ಖಡಕ್ ರೊಟ್ಟಿ ಹಲ್ಲಿಲ್ಲದ ಮಾಮಾನಿಗೆ ಹೇಗೆ ಎಂದು ಯಾರೋ ಕೇಳಿದ್ದಕ್ಕೆ, ‘ನೀರಾಗ ಅದ್ದಿ ತಿನ್ನೂದು, ನೀರಿಗೇನ್ ಬರ ಐತಿ?’ ಎಂದರಂತೆ.

ಹೋಟೆಲುಗಳಿಗೆ ನಕ್ಷತ್ರದ ದರ್ಜೆ ಇರುವಂತೆ ಇಲ್ಲಿ ಎ, ಬಿ, ಸಿ. ಆದರೆ ದರ್ಜೆ ಸಿಗುವುದು ವಿಹಾರ ಮುಗಿದ ಮೇಲೆ, ಅದೂ ಬಿಟ್ಟುಬಂದ ಮನೆಗೆ. 2019ರಲ್ಲಿ ಪೂರ್ತಿ ಬಿದ್ದಿದ್ದರೆ ಎ, ಐದು ಲಕ್ಷ; ಅಲ್ಪಸ್ವಲ್ಪವಾಗಿದ್ದರೆ ಸಿ, ಐವತ್ತು ಸಾವಿರ ಎಂದಿತ್ತು. ಕೈಗೆ ಮೊದಲು ಹತ್ತು ಸಾವಿರ. ಮಾಮಾನ ಮನೆಯ ಹಿಂಗೋಡೆ ಬಿತ್ತು, ಮುಂಗೋಡೆ ನಿಂತಿತು. ಫೋಟೊ ತೆಗೆಯಲು ಬಂದವರು ಮುಂದಿನಿಂದ ತೆಗೆದರು. ಸಿ ಬಂತು. ಫೋಟೊಗ್ರಫಿ ಕಲೆಯ ಬಗ್ಗೆ ಬೇರೆಯೇ ಪ್ರಬಂಧ ಬೇಕು.

ವಿರುದ್ಧ ದೃಷ್ಟಾಂತವನ್ನೂ ಒಂದು ಕೊಡುವುದು ಶಾಸ್ತ್ರಸಮ್ಮತ. ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ಇದ್ದಾನೆ. ಡ್ಯಾಮು ತುಂಬಿದರೆ ಗುಡಿ ನೀರೊಳಗೆ, ಬೇಸಿಗೆಯಲ್ಲಿ ನೀರಿಳಿದಾಗ ಹೊರಗೆ. ಸೊಂಟದ ಮೇಲೆ ಕೈಯಿಟ್ಟು ನಿಂತ ದೇವರು, ಮಂಡಿ ಬಗ್ಗಿಸುವ ಪ್ರಶ್ನೆಯೇ ಇಲ್ಲ. ತಿಂಗಳುಗಟ್ಟಲೆ ನೀರಲ್ಲಿರಲು ಅವನಿಗೆ ಸಾಧ್ಯವಾಗುವುದು, ಬೆಳಗಿನ ಒಂದು ಅಗತ್ಯ ಅವನಿಗಿಲ್ಲ ಎಂಬ ಕಾರಣಕ್ಕೆ.

ಆ ಅಗತ್ಯಕ್ಕೇ ಬಂದೆ. ಶಾಲೆಯ ಪಾಯಖಾನೆ ಹತ್ತು ವರ್ಷದ ಮಕ್ಕಳಿಗೆ ಕಟ್ಟಿಸಿದ್ದು. ಕುಕ್ಕುರುಗಾಲಲ್ಲಿ ಕೂಡಬೇಕು, ಹಿಡಿಯಲು ಗೋಡೆಯಲ್ಲಿ ಏನೂ ಇಲ್ಲ, ಮುಂದೆ ಮೂರು ಮೆಟ್ಟಿಲು. ಮಾಮಾನನ್ನು ಇಬ್ಬರು ಹುಡುಗರು ರಟ್ಟೆ ಹಿಡಿದು ಒಯ್ದು ತರುತ್ತಿದ್ದರು. ಅತ್ತಿ ಯಾರನ್ನು ಕರೆಯಬೇಕು? ಎರಡನೇ ದಿನದಿಂದ ಉಣ್ಣುವುದು ಕಡಿಮೆ ಮಾಡಿದಳು, ನೀರು ಕುಡಿಯುವುದು ಬಿಟ್ಟಳು. ನಾಲಿಗೆ ಒಣಗಿದಾಗ ತುಟಿ ಒದ್ದೆಯಾಗುವಷ್ಟು ಅಷ್ಟೇ. ನಾಲ್ಕು ಕಡೆ ಲಕ್ಷ ಲಕ್ಷ ಕೊಡ ಹರಿಯುತ್ತಿರುವಾಗ ಎಂಟು ದಿನ ಹಾಗೆ ಕಳೆದಳು. ಒಂಬತ್ತನೇ ದಿನ ತಲೆ ಸುತ್ತಿ ಬಿದ್ದಾಗ ಡಾಕ್ಟರು ಸಲೈನ್ ಹಚ್ಚಿ, ಮೈಯಲ್ಲಿ ನೀರೇ ಇಲ್ಲ ಎಂದರು. ನಾನು ನೋಡಲು ಹೋದಾಗ ಪಿಸುಗುಟ್ಟಿದಳು: ‘ಏ ತಮ್ಮಾ, ಒಂದ್ ಖುರ್ಚಿಗಿ ನಡುವ ತೂತ್ ಕೊರದ್ ಕೊಟ್ಟಿದ್ರ ಸಾಕಾಗಿತ್ತೋ.’

ಪ್ರಯೋಜನ ಕೊನೆಗೆ ಹೇಳುತ್ತೇನೆಂದಿದ್ದೆನಲ್ಲ. ಹೊಳೆ 2019ಕ್ಕೆ ನಿಲ್ಲಲಿಲ್ಲ, 2021ರಲ್ಲೂ ಬಂತು, 2024ರಲ್ಲೂ ಬಂತು. ನಿಮ್ಮ ಮನೆಯಲ್ಲಿ ಯಾರಿಗೋ ಸೊಂಟದ ಆಪರೇಶನ್ ಆದಾಗ ತಂದ ಕಮೋಡ್ ಖುರ್ಚಿ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದರೆ ಇಳಿಸಿ, ಹೊಳೆದಂಡೆಯ ಯಾವುದಾದರೂ ಊರಿನ ಶಾಲೆಗೆ ಒಯ್ದು ಕೊಡಿ. ಫ್ಯಾನಿನ ರೆಕ್ಕೆಗೆ ಬರೆಸುವಂತೆ ಬೇಕಾದರೆ ಖುರ್ಚಿಯ ಬೆನ್ನಿಗೆ ನಿಮ್ಮ ಹೆಸರೂ ಬರೆಸಿ, ಕೂತವರಿಗೆ ಕಾಣುವುದಿಲ್ಲ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ 7ರ ಸುಮಾರಿಗೆ. ಅದಕ್ಕಿಂತ ಮೊದಲು ಕೊಡಿ.