ನಡುಬೀದಿಗೆ ಬಂದ ಸೂರ್ಯ

ನ್ಯೂಯಾರ್ಕಿನವರು ಕೆಂಪು ದೀಪಕ್ಕೂ ನಿಲ್ಲುವ ಜನವಲ್ಲ. ಆದರೆ ಮೇ ಕೊನೆಯಲ್ಲಿ ಮತ್ತು ಜುಲೈ ನಡುವಿನಲ್ಲಿ ಒಂದೆರಡು ಸಂಜೆ, ಹಸಿರು ಬಿದ್ದರೂ ನಡುರಸ್ತೆ ಬಿಟ್ಟು ಕದಲುವುದಿಲ್ಲ. ಸೂರ್ಯ ಅಂದು ಬೀದಿಯ ತುದಿಗೇ ನೇರವಾಗಿ ಬಂದು ಮುಳುಗುತ್ತಾನೆ. ಈ ಜಾತ್ರೆಗೆ ‘ಮ್ಯಾನ್‌ಹ್ಯಾಟನ್‌ಹೆಂಜ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದವರು ಖಗೋಳವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್.

42ನೇ ಬೀದಿಯ ಮೇಲಿನ ಟ್ಯೂಡರ್ ಸಿಟಿ ಸೇತುವೆಯಲ್ಲಿ ಮಧ್ಯಾಹ್ನದಿಂದಲೇ ಟ್ರೈಪಾಡ್‌ಗಳ ಸಾಲು. ಕೆಳಗೆ ಟ್ಯಾಕ್ಸಿಗಳು ಹಾರ್ನ್ ಬಾರಿಸಿ ಬಾರಿಸಿ ಸೋಲುತ್ತವೆ. ಚಾಲಕನಿಗೋ ಕಣ್ಣು ಕೋರೈಸುವ ಬಿಸಿಲು; ಎದುರಿಗೆ ನಿಂತವರೆಲ್ಲ ಬರೀ ಕಪ್ಪು ನೆರಳು, ನೆತ್ತಿಯ ಮೇಲೆ ಎತ್ತಿದ ಮೊಬೈಲು.

ಇದರಲ್ಲಿ ಸೂರ್ಯನ ಪಾತ್ರ ಕಡಿಮೆಯೇ. 1811ರಲ್ಲಿ ನಗರದ ನಕ್ಷೆ ಬರೆದ ಆಯುಕ್ತರಿಗೆ ಇದ್ದದ್ದು ಸೂರ್ಯಾಸ್ತದ ಚಿಂತೆಯಲ್ಲ, ನೇರ ಗೋಡೆಯ ಮನೆ ಅಗ್ಗವಾಗುತ್ತದೆಂಬ ಲೆಕ್ಕ. ಮ್ಯಾನ್‌ಹ್ಯಾಟನ್ ದ್ವೀಪವೇ ವಾರೆಯಾಗಿದ್ದರಿಂದ ಬೀದಿಗಳೂ ಸುಮಾರು 29 ಡಿಗ್ರಿ ವಾರೆಯಾದವು. ನೆಟ್ಟಗೆ ಪೂರ್ವ-ಪಶ್ಚಿಮಕ್ಕಿದ್ದರೆ ಈ ಸಂಭ್ರಮ ಮಾರ್ಚ್, ಸೆಪ್ಟೆಂಬರ್‌ಗಳ ವಿಷುವದ ದಿನಗಳಿಗೆ ಬೀಳುತ್ತಿತ್ತು.

ಮೋಡ ಕವಿದರೆ? ಎಲ್ಲರೂ ಪಶ್ಚಿಮಕ್ಕೆ, ನ್ಯೂಜೆರ್ಸಿ ದಿಕ್ಕಿಗೆ ದುರುಗುಟ್ಟಿ ಮನೆಗೆ ಹೋಗುತ್ತಾರೆ.

ನ್ಯೂಯಾರ್ಕ್ ಕಡೆ ಮಗನ ಮನೆಗೋ ಮಗಳ ಮನೆಗೋ ಹೊರಟವರು 14, 23, 34, 42, 57ನೇ ಬೀದಿಗಳಂಥ ಅಗಲ ರಸ್ತೆ ಹಿಡಿಯಿರಿ, ಆದಷ್ಟು ಪೂರ್ವಕ್ಕೆ ನಿಲ್ಲಿ. ಫೋಟೊ ಆಮೇಲೆ, ಮೊದಲು ಹಿಂದೆ ಬಸ್ಸಿದೆಯೇ ನೋಡಿ.